ಗೋಲ್ಡನ್ ಗೇಟ್ ಪಾರ್ಕ್: ಬೆಳೆಸುವುದಕ್ಕಿಂತ ಕಷ್ಟವಾದದ್ದು ಉಳಿಸಿಕೊಳ್ಳುವುದು

ಊರಿನಿಂದ ತಂದೆತಾಯಿ ಬಂದಾಗ ಅವರಿಗೆ ಸ್ಯಾನ್ ಫ್ರಾನ್ಸಿಸ್ಕೊ ತೋರಿಸಲು ಹೊರಡುವ ಬೇ ಏರಿಯಾದ ಕನ್ನಡಿಗರ ಪಟ್ಟಿಯಲ್ಲಿ ಸೇತುವೆಯ ನಂತರ ಗೋಲ್ಡನ್ ಗೇಟ್ ಪಾರ್ಕ್ ಇದ್ದೇ ಇರುತ್ತದೆ. ಹೆಸರು ಒಂದೇ ಆದ್ದರಿಂದ ಪಾರ್ಕು ಸೇತುವೆಯ ಬುಡದಲ್ಲೇ ಇರಬೇಕೆಂದು ನಂಬಿ ಬಂದವರಿಗೆ ಮೊದಲ ನಿರಾಸೆ ಅಲ್ಲೇ ಆಗುತ್ತದೆ. ಎರಡಕ್ಕೂ ಹೆಸರು ಬಂದದ್ದು ಕೊಲ್ಲಿಯ ಬಾಯಿಯಲ್ಲಿರುವ ಜಲಸಂಧಿಯಿಂದ, ಮತ್ತು 1937ರಲ್ಲಿ ಸಂಚಾರಕ್ಕೆ ತೆರೆದ ಸೇತುವೆಗಿಂತ ಪಾರ್ಕು ಅರವತ್ತಕ್ಕೂ ಹೆಚ್ಚು ವರ್ಷ ಹಳೆಯದು. ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿದೆ. ಒತ್ತಾಗಿ ನಿಂತ ಸೈಪ್ರೆಸ್, ಪೈನ್, ನೀಲಗಿರಿ ಮರಗಳನ್ನು ಕಂಡವರು, ಇಲ್ಲಿ ಮೊದಲು ಕಾಡಿತ್ತು, ನಗರ ಬೆಳೆಯುವಾಗ ಯಾರೋ ಪುಣ್ಯಾತ್ಮರು ಅದರಲ್ಲೊಂದು ತುಂಡನ್ನು ಉಳಿಸಿದರು ಎಂದುಕೊಳ್ಳುತ್ತಾರೆ. ನಡೆದದ್ದು ಇದರ ತಿರುಗುಮುರುಗು. ಪೂರ್ವದಂಚಿನ ಕಾಲು ಭಾಗವನ್ನು ಬಿಟ್ಟರೆ ಇಲ್ಲಿದ್ದದ್ದು ಗಾಳಿಗೆ ಜಾಗ ಬದಲಿಸುವ ಮರಳು ದಿಬ್ಬಗಳು ಮಾತ್ರ.

ಆ ಕಾಲದ ನಕ್ಷೆಗಳಲ್ಲಿ ನಗರದ ಪಶ್ಚಿಮಕ್ಕಿದ್ದ ಈ ನೆಲವನ್ನು ‘ಔಟ್‌ಸೈಡ್ ಲ್ಯಾಂಡ್ಸ್’ ಎಂದು ಕರೆಯುತ್ತಿದ್ದರು. ಇಂದು ನಮ್ಮ ಮಕ್ಕಳು ದುಬಾರಿ ಟಿಕೆಟ್ ಕೊಂಡು ಹೋಗುವ ಸಂಗೀತೋತ್ಸವಕ್ಕೆ ಅದೇ ಹೆಸರು ಬಂದಿದೆ. ಈ ನೆಲದ ಒಡೆತನದ ವ್ಯಾಜ್ಯ ಬಹಳ ಕಾಲ ನಡೆದು, 1866ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ ಅದನ್ನು ನಗರಕ್ಕೆ ಬಿಟ್ಟುಕೊಟ್ಟಿತು. ಅಷ್ಟು ಹೊತ್ತಿಗೆ ಅಲ್ಲಿ ಬೇಲಿ ಹಾಕಿ ಕುಳಿತವರು ಸಾಕಷ್ಟು ಮಂದಿ ಇದ್ದರು. ಅವರೊಡನೆ ನಗರವು ರಾಜಿ ಮಾಡಿಕೊಂಡಿತು: ಹಿಡುವಳಿಯ ಒಂದು ಪಾಲನ್ನು ಸಾರ್ವಜನಿಕ ಬಳಕೆಗೆ ಬಿಡಬೇಕು, ಉಳಿದ ಪಾಲಿಗೆ ಪಕ್ಕಾ ಹಕ್ಕುಪತ್ರ ಪಡೆಯಬೇಕು. ಪಾರ್ಕ್ ಬಂದರೆ ಸುತ್ತಲಿನ ನಿವೇಶನಗಳ ಬೆಲೆ ಏರುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದೆ ಇಲ್ಲದಿರಲಿಲ್ಲ. ಬೆಂಗಳೂರಿನ ಬಡಾವಣೆಗಳ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅವರನ್ನು ನಗರ ಮೊದಲೇ ಸಲಹೆ ಕೇಳಿತ್ತು. ಈ ಗಾಳಿಯಲ್ಲಿ, ಈ ಮರಳಿನಲ್ಲಿ ಹಸಿರು ಹುಲ್ಲುಹಾಸಿನ ಪಾರ್ಕು ಏಳುವುದು ಅನುಮಾನವೆಂದು ಭಾವಿಸಿದ ಅವರು ನಗರದ ಒಳಗೆ, ತಗ್ಗಿನ ಆಶ್ರಯವಿರುವ ಬೇರೆ ಜಾಗವನ್ನು ಸೂಚಿಸಿದ್ದರು. ಅವರ ಸಲಹೆಯನ್ನು ನಗರ ಒಪ್ಪಲಿಲ್ಲ.

1870ರಲ್ಲಿ ರಾಜ್ಯ ಶಾಸನಸಭೆ ಪಾರ್ಕಿಗೆ ಆಯೋಗವನ್ನು ನೇಮಿಸುವ ಕಾನೂನು ಮಾಡಿತು. ಭೂಮಾಪನದ ಕೆಲಸ ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಎಂಜಿನಿಯರ್ ವಿಲಿಯಂ ಹ್ಯಾಮಂಡ್ ಹಾಲ್ ಅವರಿಗೆ ಸಿಕ್ಕಿತು, ಮರುವರ್ಷವೇ ಅವರು ಪಾರ್ಕಿನ ಮೇಲ್ವಿಚಾರಕರಾದರು. ಅವರ ಮುಂದಿದ್ದ ಮೊದಲ ಪ್ರಶ್ನೆ ಗಿಡ ಯಾವುದು ಎಂಬುದಲ್ಲ, ಮರಳನ್ನು ನಿಲ್ಲಿಸುವುದು ಹೇಗೆ ಎಂಬುದು. ಸಸಿ ನೆಟ್ಟರೆ ಒಂದು ಗಾಳಿಗೆ ಬೇರು ಬಯಲಾಗುತ್ತಿತ್ತು, ಮುಂದಿನ ಗಾಳಿಗೆ ತುದಿಯವರೆಗೆ ಹೂತುಹೋಗುತ್ತಿತ್ತು. ಲೂಪಿನ್ ಎಂಬ ದ್ವಿದಳ ಜಾತಿಯ ಗಿಡ ಮರಳಿನಲ್ಲಿ ಬೇರೂರಬಲ್ಲದು, ಆದರೆ ಬೀಜ ಮೊಳೆತು ಬೇರಿಳಿಸುವಷ್ಟರಲ್ಲಿ ಮರಳೇ ಜಾರಿರುತ್ತಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು ಕುದುರೆಯಿಂದ ಎಂಬ ಕಥೆ ಪಾರ್ಕಿನ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ದಿಬ್ಬಗಳ ನಡುವೆ ಬೀಡುಬಿಟ್ಟಿದ್ದಾಗ ಕುದುರೆಯ ಮೇವಿನ ಚೀಲದಿಂದ ಚೆಲ್ಲಿದ ನೆನೆದ ಬಾರ್ಲಿ ಕೆಲವೇ ದಿನಗಳಲ್ಲಿ ಮರಳಿನಲ್ಲಿ ಮೊಳೆತು ಹಸಿರಾಗಿತ್ತಂತೆ. ಹಾಲ್ ಬಾರ್ಲಿಯನ್ನೂ ಲೂಪಿನ್ ಬೀಜವನ್ನೂ ಬೆರೆಸಿ ಬಿತ್ತಿಸಿದರು. ಬಾರ್ಲಿ ಬೇಗ ಮೊಳೆತು ಮೇಲಿನ ಪದರವನ್ನು ಹಿಡಿಯಿತು. ಅದು ಒಣಗುವ ಹೊತ್ತಿಗೆ ಅದರ ಮರೆಯಲ್ಲಿ ಲೂಪಿನ್ ಬೇರು ಬಿಟ್ಟು ಹರಡಿಕೊಂಡಿತ್ತು. ರಾಗಿಯ ಸಾಲಿನ ನಡುವೆ ಅವರೆ ಹಾಕುವ ನಮ್ಮ ಮೈಸೂರು ಸೀಮೆಯ ರೈತರಿಗೆ ಈ ಉಪಾಯ ಅಪರಿಚಿತವಾಗಿ ಕಾಣಲಾರದು. ಸಮುದ್ರಕ್ಕೆ ಹತ್ತಿರದ, ಗಾಳಿ ಇನ್ನೂ ಜೋರಾಗಿರುವ ಭಾಗಕ್ಕೆ ಮರಳು ಹಿಡಿಯುವ ಒಂದು ಜಾತಿಯ ಹುಲ್ಲನ್ನು ಹೊರಗಿನಿಂದ ತರಿಸಿದರು. ಮೇಲೆ ಮಣ್ಣು ಹರಡಿ, ನಗರದ ಬೀದಿಗಳಲ್ಲಿ ಗುಡಿಸಿದ ಕುದುರೆ ಲದ್ದಿಯನ್ನು ಗೊಬ್ಬರವಾಗಿ ಸುರಿದ ಮೇಲಷ್ಟೇ ಮರಗಳ ಸರದಿ ಬಂತು. 1879ರ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮರಗಳನ್ನು ನೆಡಲಾಗಿತ್ತು.

ಇಂದು ಪಾರ್ಕಿನ ವಿಸ್ತಾರ 1,017 ಎಕರೆ. 240 ಎಕರೆಯ ಲಾಲ್‌ಬಾಗ್‌ನಂಥ ನಾಲ್ಕು ತೋಟಗಳನ್ನು ಒಳಗಿಟ್ಟರೂ ಜಾಗ ಮಿಗುತ್ತದೆ. ಅಗಲ ಅರ್ಧ ಮೈಲಿ, ಉದ್ದ ಮೂರು ಮೈಲಿಗೂ ಹೆಚ್ಚು.

1879ರಲ್ಲೇ ತೆರೆದ ಕನ್ಸರ್ವೇಟರಿ ಆಫ್ ಫ್ಲವರ್ಸ್ ಎಂಬ ಬಿಳಿಯ ಗಾಜಿನ ಮನೆಯನ್ನು ನೋಡಿದ ಬೆಂಗಳೂರಿನವರು ಲಾಲ್‌ಬಾಗನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಅಲ್ಲಿಯ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಅದರ ಚೌಕಟ್ಟು ಕಬ್ಬಿಣದ್ದು. ಇದರದು ಮರದ್ದು, ಮತ್ತು ಉತ್ತರ ಅಮೆರಿಕದಲ್ಲಿ ಉಳಿದಿರುವ ಇಂಥ ಮರ-ಗಾಜಿನ ಕಟ್ಟಡಗಳಲ್ಲಿ ಇದೇ ಹಳೆಯದು. ಸ್ಯಾನ್ ಹೊಸೆಯಲ್ಲಿರುವ ನಮ್ಮ ಸಂಘದ ಸದಸ್ಯರಿಗೆ ಇದರಲ್ಲಿ ಒಂದು ಸಣ್ಣ ಹಕ್ಕಿದೆ ಎನ್ನಬಹುದು. ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿದ ಶ್ರೀಮಂತ ಜೇಮ್ಸ್ ಲಿಕ್ ಅದನ್ನು ಜೋಡಿಸಬೇಕೆಂದಿದ್ದದ್ದು ಅಲ್ಲಿನ ತಮ್ಮ ಎಸ್ಟೇಟಿನಲ್ಲಿ. ಪೆಟ್ಟಿಗೆ ಬಿಚ್ಚುವ ಮೊದಲೇ, 1876ರಲ್ಲಿ ಅವರು ತೀರಿಕೊಂಡರು. ನಗರದ ಕೆಲವು ವರ್ತಕರು ಸೇರಿ ಅದನ್ನು ಕೊಂಡು ಪಾರ್ಕಿಗೆ ಕೊಟ್ಟರು. ಮೌಂಟ್ ಹ್ಯಾಮಿಲ್ಟನ್ ಮೇಲಿನ ವೀಕ್ಷಣಾಲಯವೂ ಅದೇ ಲಿಕ್ ಅವರ ಕೊಡುಗೆ. 1883ರ ಬೆಂಕಿಯಲ್ಲಿ ಗಾಜಿನ ಮನೆಯ ಗುಮ್ಮಟ ಹೋಯಿತು, 1995ರ ಡಿಸೆಂಬರ್ ಬಿರುಗಾಳಿಗೆ ಸಾವಿರಾರು ಗಾಜುಗಳು ಒಡೆದು ಬಾಗಿಲು ಮುಚ್ಚಿತು, ಅದು ಮತ್ತೆ ತೆರೆದದ್ದು 2003ರಲ್ಲಿ.

ಹಾಲ್ 1876ರಲ್ಲಿ ರಾಜಕೀಯದ ಕಿರುಕುಳದಿಂದ ಕೆಲಸ ಬಿಟ್ಟರು. ಮುಂದಿನ ಹೆಸರು ಸ್ಕಾಟ್ಲೆಂಡಿನಿಂದ ಬಂದ ತೋಟಗಾರ ಜಾನ್ ಮೆಕ್ಲಾರೆನ್ ಅವರದು. 1887ರಲ್ಲಿ ಸಹಾಯಕರಾಗಿ ಸೇರಿ, 1890ರಲ್ಲಿ ಮೇಲ್ವಿಚಾರಕರಾದ ಅವರು 1943ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲೇ ಇದ್ದರು. ನಿವೃತ್ತಿಯ ನಿಯಮ ಅವರಿಗೆ ಅನ್ವಯಿಸದಂತೆ ನಗರವೇ ನೋಡಿಕೊಂಡಿತು. ಪಾರ್ಕ್ ಎಂದರೆ ಗಿಡಮರ, ಕಟ್ಟಡವೂ ಅಲ್ಲ, ಪ್ರತಿಮೆಯೂ ಅಲ್ಲ ಎಂಬುದು ಅವರ ಖಚಿತ ನಿಲುವು. ಗಣ್ಯರ ಒತ್ತಾಯಕ್ಕೆ ಮಣಿದು ಪ್ರತಿಮೆ ನಿಲ್ಲಿಸಲೇಬೇಕಾದಾಗ ಅವರು ವಾದಕ್ಕಿಳಿಯುತ್ತಿರಲಿಲ್ಲ; ಅದರ ಸುತ್ತ ಬೇಗ ಬೆಳೆಯುವ ಪೊದೆಗಳನ್ನು ನೆಡಿಸುತ್ತಿದ್ದರು. ತಮ್ಮದೇ ಪ್ರತಿಮೆಯನ್ನೂ ಅವರು ಬದುಕಿರುವವರೆಗೆ ಬೆಳಕಿಗೆ ಬಿಡಲಿಲ್ಲ. ಈಗ ಅದು ರೋಡೊಡೆಂಡ್ರನ್ ಗಿಡಗಳ ತಗ್ಗಿನಲ್ಲಿದೆ. ಎತ್ತರದ ಪೀಠವಿಲ್ಲ, ಮೆಕ್ಲಾರೆನ್ ನೆಲದ ಮಟ್ಟದಲ್ಲೇ ನಿಂತಿದ್ದಾರೆ.

ಅಂಥವರ ಕಾಲದಲ್ಲೇ ಪಾರ್ಕಿನ ಮೇಲೆ ಅತಿ ದೊಡ್ಡ ದಾಳಿಯೂ ಆಯಿತು. 1894ರ ಚಳಿಗಾಲದ ಅಂತರರಾಷ್ಟ್ರೀಯ ಪ್ರದರ್ಶನಕ್ಕಾಗಿ ಪತ್ರಿಕಾ ಮಾಲೀಕ ಎಂ. ಎಚ್. ಡಿ ಯಂಗ್ ಅವರು ಸುಮಾರು 200 ಎಕರೆಯನ್ನು ಕೇಳಿ ಪಡೆದರು. ಹಾಲ್, ಮೆಕ್ಲಾರೆನ್ ಇಬ್ಬರೂ ವಿರೋಧಿಸಿದರು, ಪ್ರಯೋಜನವಾಗಲಿಲ್ಲ. ಪ್ರದರ್ಶನ ಮುಗಿದ ಮೇಲೆ ಅದರ ನಡುವಿದ್ದ ಎತ್ತರದ ಗೋಪುರವನ್ನು 1896ರಲ್ಲಿ ಸಿಡಿಮದ್ದಿಟ್ಟು ಉರುಳಿಸಲಾಯಿತು. ಆದರೆ ತಗ್ಗಾದ ಸಂಗೀತದ ಅಂಗಳ, ಮುಂದೆ ಡಿ ಯಂಗ್ ಹೆಸರಿನ ಮ್ಯೂಸಿಯಂ ಆದ ಕಲಾಭವನ ಮತ್ತು ಜಪಾನಿ ಚಹಾ ತೋಟ ಉಳಿದುಕೊಂಡವು. ಹೀಗೆ ಒಮ್ಮೆ ಒಳಬಂದದ್ದು ಹೊರಹೋಗುವುದು ಅಪರೂಪ ಎಂಬುದಕ್ಕೆ ಇಂದು ಅದೇ ಅಂಗಳದ ಎರಡು ಬದಿಗೆ ಎದುರುಬದುರಾಗಿ ನಿಂತಿರುವ ಡಿ ಯಂಗ್ ಮತ್ತು ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಸಾಕ್ಷಿ. ಅಕಾಡೆಮಿಯ 2008ರ ಹೊಸ ಕಟ್ಟಡದ ಚಾವಣಿಯ ಮೇಲೆ ಎರಡೂವರೆ ಎಕರೆ ಗಿಡಗಳನ್ನು ಬೆಳೆಸಿರುವುದನ್ನು ಮೆಕ್ಲಾರೆನ್‌ಗೆ ತೆತ್ತ ತಪ್ಪುಕಾಣಿಕೆ ಎಂದು ನಾನು ತಿಳಿದುಕೊಂಡಿದ್ದೇನೆ.

ಚಹಾ ತೋಟದ ವಿಷಯವನ್ನು ವಲಸಿಗರಾದ ನಾವು ಸ್ವಲ್ಪ ನಿಂತು ನೋಡಬೇಕು. ಪ್ರದರ್ಶನದ ನಂತರ ಅದನ್ನು ಬೆಳೆಸಿದವರು ಮಕೋಟೊ ಹಗಿವಾರ. ಅವರು 1925ರಲ್ಲಿ ತೀರಿಕೊಂಡ ಮೇಲೂ ಅವರ ಕುಟುಂಬ ತೋಟದೊಳಗಿನ ಮನೆಯಲ್ಲೇ ಇದ್ದು ಗಿಡ, ಕೊಳ, ಮೀನುಗಳನ್ನು ನೋಡಿಕೊಂಡಿತು, ತಮ್ಮ ಹಣವನ್ನೂ ಅದಕ್ಕೆ ಹಾಕಿತು. 1942ರಲ್ಲಿ, ಜಪಾನಿನೊಡನೆ ಯುದ್ಧ ನಡೆಯುತ್ತಿದ್ದಾಗ, ಪಶ್ಚಿಮ ಕರಾವಳಿಯ ಇತರ ಜಪಾನಿ ಮೂಲದವರಂತೆ ಆ ಕುಟುಂಬವನ್ನೂ ಹೊರಹಾಕಿ ಶಿಬಿರಕ್ಕೆ ಕಳುಹಿಸಲಾಯಿತು. ಮನೆಯನ್ನು ಕೆಡವಿದರು. ತೋಟದ ಹೆಸರಿನಿಂದ ‘ಜಪಾನಿ’ ಎಂಬುದನ್ನು ತೆಗೆದು ‘ಓರಿಯೆಂಟಲ್’ ಎಂದು ಬರೆದರು. ಹಳೆಯ ಹೆಸರು ಮರಳಿದ್ದು 1952ರಲ್ಲಿ. ಹಗಿವಾರ ಕುಟುಂಬಕ್ಕೆ ಮಾತ್ರ ತೋಟ ಮರಳಿ ಸಿಗಲಿಲ್ಲ. ಇಂದು ಅರ್ಧಚಂದ್ರ ಸೇತುವೆಯ ಮೇಲೆ ಮಕ್ಕಳನ್ನು ಹತ್ತಿಸಿ ಫೋಟೊ ತೆಗೆಯುವ ನಾವು, ಆ ತೋಟದ ಅಂದಕ್ಕೆ ಕಾರಣರಾದವರ ಪಾಡನ್ನು ಮಕ್ಕಳಿಗೆ ಹೇಳುವುದರಲ್ಲಿ ತಪ್ಪೇನಿಲ್ಲ.

ಕೇಳದೆ ಬಂದ ಒಂದು ಬಳಕೆಯನ್ನು ಯಾರೂ ಪ್ರಶ್ನಿಸಲಿಲ್ಲ. 1906ರ ಏಪ್ರಿಲ್ 18ರ ಭೂಕಂಪ, ಅದರ ಹಿಂದೆಯೇ ಬಂದ ಬೆಂಕಿಯಲ್ಲಿ ಮನೆ ಕಳೆದುಕೊಂಡ ಸಾವಿರಾರು ಜನ ಈ ಹುಲ್ಲುಹಾಸುಗಳ ಮೇಲೆ ಗುಡಾರ ಹಾಕಿದರು. ಅದೇ ದಶಕದಲ್ಲಿ ಸಮುದ್ರದ ಅಂಚಿನಲ್ಲಿ ಎರಡು ಭಾರಿ ಗಾಳಿಯಂತ್ರಗಳು, ಒಂದು 1903ರಲ್ಲಿ, ಇನ್ನೊಂದು 1908ರಲ್ಲಿ ಎದ್ದವು. ಪ್ರವಾಸಿಗಳು ಇವು ಅಲಂಕಾರಕ್ಕಿವೆ ಎಂದುಕೊಳ್ಳುತ್ತಾರೆ, ಆದರೆ ಇವು ದುಡಿದ ಯಂತ್ರಗಳು. ಖಾಸಗಿ ಕಂಪನಿಯಿಂದ ದುಬಾರಿ ನೀರು ಕೊಳ್ಳುವ ಬದಲು, ಸಸಿಯನ್ನು ಕೀಳುತ್ತಿದ್ದ ಅದೇ ಗಾಳಿಯಿಂದ ಬಾವಿಯ ನೀರನ್ನು ಎತ್ತಿಸಿ ಪಾರ್ಕಿಗೆ ಹರಿಸಿದರು. ಹತ್ತು ವರ್ಷದಲ್ಲಿ ವಿದ್ಯುತ್ ಪಂಪು ಬಂದು ಅವು ಮೂಲೆಗುಂಪಾದವು, ನಂತರ ಪಾಳುಬಿದ್ದು, ಈಗ ದುರಸ್ತಿಯಾಗಿ ನಿಂತಿವೆ.

ಪಾರ್ಕಿನ ಪೂರ್ವಕ್ಕೆ ಬಾಣಲೆಯ ಹಿಡಿಯಂತೆ ಚಾಚಿರುವ ಪ್ಯಾನ್‌ಹ್ಯಾಂಡಲ್ ಎಂಬ ಕಿರಿದಾದ ಪಟ್ಟಿಯ ಮೇಲೆ ಫ್ರೀವೇ ಹಾಯಿಸುವ ಯೋಜನೆ ಎರಡನೆಯ ಮಹಾಯುದ್ಧದ ನಂತರ ಬಹಳ ವರ್ಷ ತೂಗಾಡಿತು. ಪಾರ್ಕಿನ ಅತ್ಯಂತ ಹಳೆಯ ಮರಗಳಿರುವುದೇ ಅಲ್ಲಿ. ಸುತ್ತಲಿನ ನಿವಾಸಿಗಳು ಬೀದಿಗಿಳಿದರು, 1966ರ ಮಾರ್ಚ್‌ನಲ್ಲಿ ನಗರದ ಬೋರ್ಡ್ ಆಫ್ ಸೂಪರ್‌ವೈಸರ್ಸ್ 6-5 ಮತಗಳಿಂದ ಯೋಜನೆಯನ್ನು ತಿರಸ್ಕರಿಸಿತು. ಒಂದೇ ಒಂದು ಮತದ ಅಂತರ.

ನಮ್ಮವರ ಪಾತ್ರವಿರುವ ಒಂದು ಪ್ರಸಂಗವೂ ಈ ಸಾಲಿಗೆ ಸೇರುತ್ತದೆ. 1990ರ ಆಸುಪಾಸಿನಲ್ಲಿ, ರಸ್ತೆಗೆ ಅಡ್ಡ ನಿಲ್ಲಿಸಲು ಬಳಸುವ, ಸುಮಾರು ನಾಲ್ಕು ಅಡಿ ಎತ್ತರದ, ತಲೆ ದುಂಡಗಿರುವ ಕಲ್ಲೊಂದನ್ನು ನಗರದ ಕೆಲಸಗಾರರು ಪಾರ್ಕಿನ ಒಂದು ಮೂಲೆಯಲ್ಲಿ ಎಸೆದು ಹೋಗಿದ್ದರು. ಅದರ ಆಕಾರ ಕಂಡ ಯಾರೋ ಹೂವಿಟ್ಟರು. ಕೆಲಕಾಲದಲ್ಲೇ ಅದು ಶಿವಲಿಂಗವಾಗಿ, ಹಾಲು ಹೂವಿನ ಪೂಜೆ ನಡೆದು, ದೂರದ ಊರುಗಳಿಂದಲೂ ಭಕ್ತರು ಬರತೊಡಗಿದರು. ಸಾರ್ವಜನಿಕ ಪಾರ್ಕಿನಲ್ಲಿ ಪೂಜಾಸ್ಥಳಕ್ಕೆ ಅವಕಾಶ ಕೊಡಲಾಗದು ಎಂದಿತು ನಗರಾಡಳಿತ. ವಿಷಯ ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ರಾಜಿಯಾಗಿ, 1994ರಲ್ಲಿ ಲಿಂಗವನ್ನು ಪಾರ್ಕಿನ ಹೊರಗಿನ ಖಾಸಗಿ ಜಾಗಕ್ಕೆ ಸಾಗಿಸಲಾಯಿತು. ಆ ಕಲ್ಲಿಗೆ ಕೈಮುಗಿದವರ ಭಕ್ತಿಯನ್ನು ನಾನು ಹಗುರ ಮಾಡಲಾರೆ. ಆದರೂ ಉದ್ಯಾನದ ಅಂಚಿನಲ್ಲಿ ರಾತ್ರೋರಾತ್ರಿ ಗುಡಿ ಎದ್ದು, ನಾಳೆಗೆ ಗೋಡೆ, ಮರುವರ್ಷಕ್ಕೆ ಸಮುದಾಯ ಭವನ ಎಂಬಂತೆ ಬೆಳೆಯುವುದನ್ನು ಕಂಡ ಊರಿನಿಂದ ಬಂದವನಾಗಿ, ನಗರಾಡಳಿತದ ತೀರ್ಮಾನ ಸರಿಯೆಂದೇ ನನ್ನ ಅನಿಸಿಕೆ.

ಈಚಿನ ಜಗಳ ಕಾರುಗಳದು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ಪಾರ್ಕಿನೊಳಗಿನ ಮುಖ್ಯ ರಸ್ತೆಯಾದ ಜೆಎಫ್‌ಕೆ ಡ್ರೈವ್‌ನ ಪೂರ್ವಭಾಗದ ಒಂದೂವರೆ ಮೈಲಿಯನ್ನು ವಾಹನಗಳಿಗೆ ಮುಚ್ಚಲಾಯಿತು. 2022ರ ನವೆಂಬರ್‌ನಲ್ಲಿ ಮತದಾರರು ಅದನ್ನು ಕಾಯಂ ಮಾಡಿದರು. ಮ್ಯೂಸಿಯಂಗೆ ಬರುವ ಅಂಗವಿಕಲರಿಗೂ ವಯಸ್ಸಾದವರಿಗೂ ತೊಂದರೆಯೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಮಂಡಿನೋವಿನ ಹಿರಿಯರನ್ನು ಕರೆತರುವವರು ಸಂಗೀತದ ಅಂಗಳದ ಕೆಳಗಿನ ನೆಲಮಾಳಿಗೆಯ ಪಾರ್ಕಿಂಗನ್ನು ಬಳಸಿದರೆ ಎರಡೂ ಮ್ಯೂಸಿಯಂಗಳು ಹತ್ತಿರವಾಗುತ್ತವೆ. ಜುಲೈಯಲ್ಲೂ ಸ್ವೆಟರ್ ಮರೆಯಬಾರದು. ಮಧ್ಯಾಹ್ನದ ಮಂಜು ಫ್ರೀಮಾಂಟ್, ಸನಿವೇಲ್ ಬಿಸಿಲನ್ನು ನಂಬಿ ಬಂದವರನ್ನು ನಡುಗಿಸುತ್ತದೆ. ಸಸ್ಯೋದ್ಯಾನ, ಚಹಾ ತೋಟ, ಗಾಜಿನ ಮನೆಗಳಿಗೆ ನಗರವಾಸಿಗಳಿಗೆ ಪ್ರವೇಶ ಉಚಿತ, ಹೊರಗಿನವರಾದ ನಮ್ಮಲ್ಲಿ ಹೆಚ್ಚಿನವರು ಟಿಕೆಟ್ ಕೊಳ್ಳಬೇಕು. ಸಂಕ್ರಾಂತಿಯ ಹೊತ್ತಿಗೆ ಸಸ್ಯೋದ್ಯಾನಕ್ಕೆ ಹೋದರೆ ಹಿಮಾಲಯ ಮೂಲದ ಮ್ಯಾಗ್ನೋಲಿಯಾ ಕ್ಯಾಂಬೆಲಿ ಎಲೆಯಿಲ್ಲದ ಕೊಂಬೆಗಳ ತುಂಬ ಗುಲಾಬಿ ಬಣ್ಣದ ದೊಡ್ಡ ಹೂ ಬಿಟ್ಟಿರುತ್ತದೆ. ಅಮೆರಿಕದಲ್ಲಿ ಆ ಜಾತಿ ಮೊದಲು ಹೂವಾದದ್ದು ಇಲ್ಲೇ, 1940ರಲ್ಲಿ.

ಈಗಿನ ಸಮಸ್ಯೆ ಮರಗಳ ವಯಸ್ಸಿನದು. ಹಾಲ್ ಮತ್ತು ಮೆಕ್ಲಾರೆನ್ ಒಂದೇ ಕಾಲಕ್ಕೆ ನೆಟ್ಟ ಪೈನ್, ಸೈಪ್ರೆಸ್ ಮರಗಳು ಒಂದೇ ಕಾಲಕ್ಕೆ ಮುದಿಯಾಗಿವೆ, ಮತ್ತು ಕಾಡಿನಲ್ಲಿ ಆಗುವಂತೆ ಬುಡದಲ್ಲಿ ತಾವಾಗಿ ಮರಿಗಿಡ ಏಳುವುದು ಇಲ್ಲಿ ಕಡಿಮೆ. ಗಾಜಿನ ಮನೆಯನ್ನು ಒಡೆದ ಬಿರುಗಾಳಿಯೇ ಅನೇಕ ದೊಡ್ಡ ಮರಗಳನ್ನೂ ಕೆಡವಿತು. ಮಾಂಟೆರೆ ಪೈನ್‌ಗೆ ಶಿಲೀಂಧ್ರದ ರೋಗವೂ ತಗುಲಿದೆ. ಆದ್ದರಿಂದ ನಿಂತಿರುವ ಮರಗಳ ನಡುವೆ ತುಂಡುತುಂಡಾಗಿ ಜಾಗ ಬಿಡಿಸಿ ಹೊಸ ಸಸಿ ನೆಡುವ ಕೆಲಸ ದಶಕಗಳಿಂದ ನಡೆಯುತ್ತಿದೆ. ಪಾರ್ಕಿನಲ್ಲಿ ಕಡಿದ ಬುಡಗಳನ್ನು, ಬೇಲಿ ಹಾಕಿದ ಬೋಳು ಜಾಗಗಳನ್ನು ಕಂಡು ಮರಗಳ್ಳರ ಕೈವಾಡವೆಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕುವ ಮುನ್ನ, ಬೇಲಿಯೊಳಗೆ ಮೊಣಕಾಲೆತ್ತರದ ಸಸಿಗಳಿವೆಯೇ ಎಂದು ಒಮ್ಮೆ ಬಗ್ಗಿ ನೋಡಬೇಕೆಂದು ಸದಸ್ಯರಲ್ಲಿ ಕೋರುತ್ತೇನೆ.