ಭಾನುವಾರ ಲಾಲ್‌ಬಾಗ್ ಬಂಡೆ ಹತ್ತಿರ ಸಿಗೋಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ನಡಿಗೆ ಲಾಲ್‌ಬಾಗ್‌ನಲ್ಲಿ. ಬೆಳಗ್ಗೆ 6.30ಕ್ಕೆ ಬಂಡೆಯ ಬುಡದಲ್ಲಿ, ಭೂವೈಜ್ಞಾನಿಕ ಸ್ಮಾರಕ ಅಂತ ಬರೆದಿರುವ ಫಲಕದ ಪಕ್ಕ ಸೇರೋಣ.

ನಾವೆಲ್ಲ ಮೇಲೆ ಹತ್ತಿ, ಕೆಂಪೇಗೌಡರ ಗೋಪುರದ ಮುಂದೆ ಫೋಟೋ ತೆಗೆದುಕೊಂಡು ಇಳಿದುಬಿಡುತ್ತೇವೆ. ಕಾಲ ಕೆಳಗಿನ ಕಲ್ಲನ್ನು ನೋಡುವುದೇ ಇಲ್ಲ, ಅಲ್ವಾ? ಅದಕ್ಕೆ ಸುಮಾರು 300 ಕೋಟಿ ವರ್ಷ. ಹೈದರಾಲಿ 1760ರಲ್ಲಿ ತೋಟ ಶುರು ಮಾಡಿದ್ದು ಅದರ ಮುಂದೆ ಮೊನ್ನೆ ಮೊನ್ನೆಯ ಮಾತು. ಈ ಸಲ ಸ್ವಲ್ಪ ಬಗ್ಗಿ ನೋಡಿ. ಬೂದು ಕಲ್ಲಿನಲ್ಲಿ ಬಿಳಿ, ಕಪ್ಪು ಪಟ್ಟೆಗಳು ನಾದಿದ ಹಿಟ್ಟನ್ನು ಮಡಚಿದ ಹಾಗೆ ಸುತ್ತಿಕೊಂಡಿವೆ. ನೆಲದಾಳದಲ್ಲಿ ಕಾದು, ಮೆತ್ತಗಾಗಿ, ಒತ್ತಡಕ್ಕೆ ಸಿಕ್ಕ ಗುರುತು ಅದು. ಮಳೆಗೆ ನೆಂದಾಗ ಪಟ್ಟೆ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ಜಾರುತ್ತದೆ ಕೂಡ, ಕಳೆದ ಸಲ ನಾನೇ ಬಿದ್ದೆ. ಹಿಡಿತ ಇರುವ ಶೂ ಹಾಕಿಕೊಂಡು ಬನ್ನಿ.

ಆಮೇಲೆ ಬಿಳಿ ಬೂರುಗದ ದೊಡ್ಡ ಮರ, ಟೈಮ್ ಇದ್ದರೆ ಗಾಜಿನ ಮನೆ. ತಿಂಡಿ ಎಲ್ಲಿ ಅಂತ ಅಲ್ಲೇ ಜಗಳ ಆಡೋಣ.

ಗ್ರೂಪಿಗೆ ಫೋಟೋ ಹಾಕುವಾಗ ಜಾಗ, ತಾರೀಕು ಬರೆಯಿರಿ. ಗುಡ್ ಮಾರ್ನಿಂಗ್ ಗುಲಾಬಿ ಬೇಡ. ನಿಮ್ಮ ಬೀದಿಯಲ್ಲಿ ನಿಜವಾಗಿ ಅರಳಿದ್ದರೆ ಖಂಡಿತ ಹಾಕಿ. ಬರುವವರು ಶನಿವಾರ ರಾತ್ರಿಯೊಳಗೆ ಹೆಸರು ತಿಳಿಸಿ.