ಎತ್ತುವ ಚಾವಣಿಯ ಮೇಲೆ ಎ.ಸಿ. ಕೂರಿಸಿದ ನಿಮ್ಮ ಕೆಲಸದ ಬಗ್ಗೆ ದೂರು

ಗೆ,
ವರ್ಕ್‌ಶಾಪ್ ಮ್ಯಾನೇಜರ್ ಅವರಿಗೆ

ವಿಷಯ: ನನ್ನ ಪಾಪ್-ಟಾಪ್ (ಚಾವಣಿ ಮೇಲೆತ್ತಿ ಒಳಗೆ ಮಲಗುವಂಥ) ಕ್ಯಾಂಪರ್ ವ್ಯಾನಿಗೆ ನೀವು ಹಾಕಿದ ಎ.ಸಿ.ಯನ್ನು ಬಿಚ್ಚಿ, ಚಾವಣಿಯನ್ನು ಮೊದಲಿನಂತೆ ಮಾಡಿಕೊಡುವ ಬಗ್ಗೆ

ಮಾನ್ಯರೇ,

ಹೋದ ತಿಂಗಳು ನಿಮ್ಮ ವರ್ಕ್‌ಶಾಪ್‌ನಲ್ಲಿ ನನ್ನ ವ್ಯಾನಿನ ಚಾವಣಿಗೆ 12 ವೋಲ್ಟಿನ ಎ.ಸಿ. ಹಾಕಿಸಿಕೊಂಡೆ. ಹಣ ಪೂರ್ತಿ ಕೊಟ್ಟಿದ್ದೇನೆ. ಬಿಲ್ಲಿನ ಪ್ರತಿ ಮತ್ತು ಫೋಟೋಗಳು ಇದರ ಜೊತೆ ಇವೆ. ಫೋನಿನಲ್ಲಿ ನಾಲ್ಕು ಸಲ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ. ಪ್ರತಿ ಸಲವೂ ಬೇರೆ ಯಾರೋ ಫೋನ್ ಎತ್ತುತ್ತಾರೆ, ನಾನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕಾಗದದಲ್ಲಾದರೆ ಒಂದೇ ಸಲ ಹೇಳಿ ಮುಗಿಸಬಹುದು.

ಮೊದಲೇ ಒಂದು ಮಾತು. ಎ.ಸಿ. ಯಂತ್ರದ ಮೇಲೆ ನನ್ನ ದೂರಿಲ್ಲ. ಅದು ಚೆನ್ನಾಗಿಯೇ ಇದೆ. ಅದನ್ನು ನೀವು ಕೂರಿಸಿದ ಜಾಗ ಮತ್ತು ಕೂರಿಸಿದ ರೀತಿಯ ಮೇಲೆ ದೂರು. ನನ್ನ ವ್ಯಾನಿನ ಚಾವಣಿ ಮೇಲೇಳುತ್ತದೆ. ಮುಂದಿನ ಅಂಚಿಗೆ ಕೀಲು ಇದೆ, ಹಿಂದಿನ ಅಂಚು 70 ಸೆಂಟಿಮೀಟರ್ ಎತ್ತರಕ್ಕೆ ಹೋಗುತ್ತದೆ, ಪಕ್ಕಕ್ಕೆ ಕ್ಯಾನ್ವಾಸ್ ಬಟ್ಟೆ. ಮೇಲೆ ಇಬ್ಬರು ಮಲಗುವ ಹಾಸಿಗೆ. ಅಡ್ವಾನ್ಸ್ ಕೊಡುವ ಮೊದಲು ಚಾವಣಿ ಮುಚ್ಚಿದ್ದಾಗಿನ ಫೋಟೋ, ತೆರೆದಿದ್ದಾಗಿನ ಫೋಟೋ ಎರಡನ್ನೂ ಕಳಿಸಿದ್ದೆ. 'ಆಗುತ್ತೆ ಸಾರ್, ತಂದುಬಿಡಿ' ಎಂದು ಉತ್ತರ ಬಂತು. ಅದನ್ನು ಕಳಿಸಿದವರು ಎರಡನೇ ಫೋಟೋ ನೋಡಲೇ ಇಲ್ಲ ಎಂದು ಈಗ ನನಗೆ ಅನ್ನಿಸುತ್ತಿದೆ.

ಚಾವಣಿಯ ಹಿಂಭಾಗದಲ್ಲಿ ಗಾಳಿ ಆಡಲು ಒಂದು ಕಿಂಡಿ ಇತ್ತು. 14 ಇಂಚು ಉದ್ದ, 14 ಇಂಚು ಅಗಲ. ಹೆಚ್ಚಿನ ಚಾವಣಿ ಎ.ಸಿ.ಗಳು ಇದೇ ಅಳತೆಯ ತೂತಿಗೆ ಕೂರುವಂತೆ ಬರುತ್ತವೆ. ನಿಮ್ಮ ಹುಡುಗರು ಅದನ್ನು ನೋಡಿದ್ದೇ ತಡ, ಕಿಂಡಿ ಬಿಚ್ಚಿ ಎ.ಸಿ. ಇಟ್ಟುಬಿಟ್ಟರು. ಹೊಸ ತೂತು ಕೊರೆಯುವ ಕೆಲಸ ಉಳಿಯಿತಲ್ಲ! ಸ್ಥಿರ ಚಾವಣಿಯಾಗಿದ್ದರೆ ನಾನೂ ಇದನ್ನು ಜಾಣತನ ಎನ್ನುತ್ತಿದ್ದೆ. ಇಲ್ಲಿ ಮಾತ್ರ ಆ ಕಿಂಡಿ ಕೀಲಿನಿಂದ 150 ಸೆಂಟಿಮೀಟರ್ ದೂರದಲ್ಲಿದೆ. ಚಾವಣಿಯನ್ನು ತಳ್ಳಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳು ಕೀಲಿನಿಂದ ಬರೀ 50 ಸೆಂಟಿಮೀಟರ್ ದೂರದಲ್ಲಿವೆ. ಎ.ಸಿ.ಯ ತೂಕ 32 ಕಿಲೋ. ಮೂರು ಪಟ್ಟು ದೂರದಲ್ಲಿ ಕೂತ 32 ಕಿಲೋ, ಸ್ಟ್ರಟ್ ಇರುವ ಕಡೆ 96 ಕಿಲೋ ಆಗಿ ಕೂರುತ್ತದೆ. ಸ್ಟ್ರಟ್‌ನ ಬಲ ಅಳೆಯುವ ನ್ಯೂಟನ್ ಲೆಕ್ಕದಲ್ಲಿ ಸುಮಾರು 940. ಸ್ಟ್ರಟ್ ನೆಟ್ಟಗೆ ನಿಲ್ಲದೆ ಓರೆಯಾಗಿ ತಳ್ಳುವುದರಿಂದ ನಿಜಕ್ಕೂ ಬೇಕಾಗುವ ಬಲ ಇನ್ನೂ ಜಾಸ್ತಿ. ಚಾವಣಿಯ ಸ್ವಂತ ಭಾರ ಬೇರೆ. ಏತದ ತುದಿಗೆ ಕಲ್ಲು ಕಟ್ಟುವವರಿಗೆ ಈ ಲೆಕ್ಕ ಬಾಯಿಗೇ ಬರುತ್ತದೆ.

ಸ್ಟ್ರಟ್ ಬದಲಿಸಿದ್ದೀರಿ, ಇಲ್ಲ ಎನ್ನುವುದಿಲ್ಲ. ಬಿಲ್ಲಿನಲ್ಲೂ ಬರೆದಿದ್ದೀರಿ. ಹೊಸದು ಎಷ್ಟು ನ್ಯೂಟನ್ನಿನದು ಎಂದು ಕೇಳಿದೆ. 'ದಪ್ಪದ್ದು ಹಾಕಿದ್ದೀವಿ' ಎಂದರು. ಹಳೆಯದು ಎಷ್ಟಿತ್ತು ಎಂದೆ. ಅದನ್ನು ಯಾರೂ ನೋಡಿರಲಿಲ್ಲ. ಚಾವಣಿಯನ್ನು ತೂಗಿದಿರಾ ಎಂದೆ. ನಕ್ಕರು.

ಆ ನಗುವಿನ ಫಲ ನಮಗೆ ಎರಡನೇ ರಾತ್ರಿಯೇ ಸಿಕ್ಕಿತು. ಹಗಲು ಬಿಸಿಲಿನಲ್ಲಿ ಚಾವಣಿ ಹೇಗೋ ನಿಂತಿತ್ತು. ಗ್ಯಾಸ್ ಸ್ಟ್ರಟ್ ಒಳಗಿರುವುದು ಒತ್ತಿ ತುಂಬಿದ ಅನಿಲ. ಬಿಸಿಯಾದರೆ ಒತ್ತಡ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. 10 ಡಿಗ್ರಿ ಕಡಿಮೆಯಾದರೆ ಬಲ ನೂರಕ್ಕೆ ಮೂರು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ತಗ್ಗುತ್ತದೆ. ಸಾಕಷ್ಟು ಬಲ ಕೈಯಲ್ಲಿದ್ದರೆ ಇದು ಗೊತ್ತೇ ಆಗುವುದಿಲ್ಲ. ನೀವು ಕೂದಲೆಳೆಯಷ್ಟೂ ಉಳಿಸಿರಲಿಲ್ಲ. ಬೆಳಗಿನ ಜಾವ ಚಳಿ ಹತ್ತಿತು, ಚಾವಣಿಯ ಮೇಲೆ ಇಬ್ಬನಿ ಕೂತಿತು, ಚಾವಣಿ ಸದ್ದಿಲ್ಲದೆ ಇಳಿಯತೊಡಗಿತು. ಮುಖಕ್ಕೆ ಬಟ್ಟೆ ತಾಗಿ ನನ್ನ ಹೆಂಡತಿಗೆ ಎಚ್ಚರವಾಯಿತು. ಮಗ್ಗುಲು ಬದಲಿಸಲೂ ಜಾಗವಿಲ್ಲ. ನಾನು ಕೆಳಗಿನ ಸೀಟಿನಲ್ಲಿ ಮಲಗಿದ್ದೆ. ಎದ್ದು ಬೆನ್ನು ಕೊಟ್ಟು ಚಾವಣಿ ಎತ್ತಿ ಹಿಡಿದೆ, ಅವರು ಜಾರಿ ಕೆಳಗೆ ಬಂದರು. ಯಾರಿಗೂ ಪೆಟ್ಟಾಗಲಿಲ್ಲ. ಅದು ನಮ್ಮ ಅದೃಷ್ಟ, ನಿಮ್ಮ ಕೆಲಸದ ಗುಣವಲ್ಲ.

ಇದನ್ನು ಹೇಳಿದಾಗ ನಿಮ್ಮ ಕಡೆಯಿಂದ ಸಿಕ್ಕ ಪರಿಹಾರ ಒಂದು ಮರದ ಕೋಲು. ರಾತ್ರಿ ಅದನ್ನು ಆನಿಸಿಕೊಳ್ಳಬೇಕಂತೆ. ಕೋಲಿಗೆ ಬಿಲ್ ಹಾಕಲಿಲ್ಲ, ಅಷ್ಟರ ಮಟ್ಟಿಗೆ ದೊಡ್ಡ ಮನಸ್ಸು.

'ಇನ್ನೂ ಗಟ್ಟಿ ಸ್ಟ್ರಟ್ ಹಾಕಿಕೊಡುತ್ತೇವೆ' ಎಂದು ನೀವು ಹೇಳಬಹುದು. ದಯವಿಟ್ಟು ಬೇಡ. ಗಟ್ಟಿ ಸ್ಟ್ರಟ್ ಹಾಕಿದಷ್ಟೂ ಚಾವಣಿ ಮುಚ್ಚುವುದು ಕಷ್ಟ. ಅದರ ತಳ್ಳಾಟವೆಲ್ಲ ಬೀಳುವುದು ಚಾವಣಿಯ ಫೈಬರ್‌ಗೆ ಕೂರಿಸಿದ ಸಣ್ಣ ಬ್ರಾಕೆಟ್ ಮತ್ತು ಕೀಲುಗಳ ಮೇಲೆ. ಈಗಲೇ ಎಡಗಡೆ ಕೀಲಿನ ಬೋಲ್ಟಿನ ಸುತ್ತ ಸಣ್ಣ ಬಿರುಕು ಬಿಟ್ಟಿದೆ. ಮೂರನೇ ಫೋಟೋ ನೋಡಿ. ಹಳ್ಳದಿಣ್ಣೆಯ ರಸ್ತೆಯಲ್ಲಿ ಹೋಗುವಾಗ ಆ 32 ಕಿಲೋ ಕುಣಿಯುವುದು ಸ್ಟೀರಿಂಗ್ ಹಿಡಿದ ಕೈಗೇ ತಿಳಿಯುತ್ತದೆ.

ಇನ್ನು ನೀರಿನ ವಿಷಯ. ಎ.ಸಿ. ನಡೆಯುವಾಗ ಒಳಗಿನ ಕಾಯಿಲ್ ಮೇಲೆ ನೀರು ಕಟ್ಟುತ್ತದೆ. ಅದು ತಳದ ತಟ್ಟೆಯ ಸಣ್ಣ ತೂತುಗಳಿಂದ ಚಾವಣಿಯ ಮೇಲೆ ಇಳಿದು ಹರಿದುಹೋಗಬೇಕು. ಮಳೆನೀರು ಒಳಗೆ ಬಾರದಂತೆ ತಡೆಯುವುದು ಮಧ್ಯದ ತೂತಿನ ಸುತ್ತ ಇರುವ ಸ್ಪಂಜಿನ ಗ್ಯಾಸ್ಕೆಟ್. ಬೋಲ್ಟುಗಳನ್ನು ಸಮವಾಗಿ ಬಿಗಿದು ಅದನ್ನು ಬೇಕಾದಷ್ಟು ಅದುಮಿದರೆ ಸಾಕು. ನೀವು ಗ್ಯಾಸ್ಕೆಟ್ಟನ್ನೂ ಇಟ್ಟಿರಿ, ಅದು ಸಾಲದು ಎಂದು ಎ.ಸಿ.ಯ ಹೊರ ಅಂಚಿನ ಸುತ್ತ ಸಿಲಿಕಾನ್ ಕೂಡ ಮೆತ್ತಿದಿರಿ. ಒಳ್ಳೆಯ ಉದ್ದೇಶದಿಂದಲೇ ಇರಬಹುದು. ಆದರೆ ನೀರು ಹೊರಗೆ ಹೋಗುವ ದಾರಿಯೇ ಮುಚ್ಚಿಹೋಯಿತು. ಅದರ ಜೊತೆಗೆ ಚಾವಣಿ ಎತ್ತಿದಾಗ ಎ.ಸಿ.ಯೂ ಓರೆಯಾಗುತ್ತದೆ. ಫೋನಿನ ಮಟ್ಟಗೋಲಿನಲ್ಲಿ ಅಳೆದೆ, ಹತ್ತಿರ ಹತ್ತಿರ 20 ಡಿಗ್ರಿ. ಎ.ಸಿ. ಎಷ್ಟು ಓರೆಯಾಗಿ ನಿಲ್ಲಬಹುದು ಎಂದು ಅದರ ಕೈಪಿಡಿಯಲ್ಲೇ ಬರೆದಿದೆ, ಇದು ಆ ಮಿತಿಯನ್ನು ಯಾವತ್ತೋ ದಾಟಿದೆ. ತಟ್ಟೆಯ ನೀರೆಲ್ಲ ಕೀಲಿನ ಕಡೆಗೆ ಸರಿದು, ಹೊರಗೆ ಹೋಗಲಾರದೆ ಒಳಗೆ ತೊಟ್ಟಿಕ್ಕುತ್ತದೆ, ಸರಿಯಾಗಿ ಹಾಸಿಗೆಯ ನಡುವೆ. ಕಂಪ್ರೆಸರ್‌ನ ಎಣ್ಣೆಗೂ ಇಂಥ ಓರೆ ಒಳ್ಳೆಯದಲ್ಲ. ನಾವು ಎ.ಸಿ. ಹಾಕುವುದೇ ಚಾವಣಿ ಎತ್ತಿ ಮಲಗಿದಾಗ, ಅಲ್ವಾ? ಅಂದರೆ ಅದು ಕೆಲಸ ಮಾಡುವ ಹೊತ್ತೆಲ್ಲ ಓರೆಯಾಗಿಯೇ ಇರುತ್ತದೆ.

ಹಾಸಿಗೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಎ.ಸಿ.ಯ ಒಳಭಾಗದ ಡಬ್ಬಿ ಚಾವಣಿಯಿಂದ 7 ಸೆಂಟಿಮೀಟರ್ ಕೆಳಗೆ ಇಳಿದಿದೆ. ಚಾವಣಿ ಮುಚ್ಚಿದಾಗ ಅದು ಹಾಸಿಗೆಗೆ ಒತ್ತಿ, ಕೊಂಡಿ ಬೀಳುತ್ತಿರಲಿಲ್ಲ. ನಿಮ್ಮವರು ಇದನ್ನು ನನಗೆ ಹೇಳಲಿಲ್ಲ. ಹಾಸಿಗೆಯ ಫೋಮನ್ನು ಚೌಕವಾಗಿ ಕತ್ತರಿಸಿ ಜಾಗ ಮಾಡಿದರು. ವ್ಯಾನ್ ಮನೆಗೆ ತಂದು ಹೊದಿಕೆ ತೆಗೆದಾಗ ನಡುವೆ ಕಿಟಕಿಯಿದ್ದ ಹಾಸಿಗೆ ಕಂಡಿತು. ಕತ್ತರಿಸಿದ ತುಂಡೂ ವ್ಯಾನಿನಲ್ಲಿ ಇರಲಿಲ್ಲ. ಉಳಿದ ತಪ್ಪುಗಳು ತಿಳಿಯದೆ ಆದವು ಎನ್ನೋಣ. ಕತ್ತರಿ ಹಿಡಿದವರಿಗೆ ತಾವು ಏನು ಮಾಡುತ್ತಿದ್ದೇವೆ ಎಂದು ಗೊತ್ತಿತ್ತಲ್ಲ? ಆ ಹೊತ್ತಿನಲ್ಲಿ ಒಂದು ಫೋನ್ ಮಾಡಿದ್ದರೆ ನಾನೇ ಬಂದು ಕೆಲಸ ನಿಲ್ಲಿಸುತ್ತಿದ್ದೆ.

ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ವೈರು. ಈ ಎ.ಸಿ. ಪೂರ್ತಿ ಜೋರಿನಲ್ಲಿ ಓಡುವಾಗ 55ರಿಂದ 58 ಆಂಪಿಯರ್ ಎಳೆಯುತ್ತದೆ. ಕ್ಲಾಂಪ್ ಮೀಟರಿನಲ್ಲಿ ನಾನೇ ನೋಡಿದ್ದೇನೆ. ಇಷ್ಟು ಕರೆಂಟು ಹರಿಯುವ ವೈರು ಚಾವಣಿಯ ಜೊತೆ ದಿನಾ ಏರಿ ಇಳಿಯಬೇಕು. ಅದಕ್ಕೆ ಬಳುಕುವ, ಸಣ್ಣ ಎಳೆಗಳ ವೈರು ಬೇಕು. ಕೀಲಿನ ಹತ್ತಿರ ಸಡಿಲವಾಗಿ ಸುತ್ತು ಬಿಟ್ಟು, ಮೇಲೆ ಕವಚದ ಪೈಪು ಹಾಕಬೇಕು. ನೀವು ವೈರನ್ನು ಹಿಂದಿನ ಮೂಲೆಯಲ್ಲಿ ಕ್ಯಾನ್ವಾಸ್ ಪಕ್ಕದಿಂದ ಕೆಳಗೆ ಬಿಟ್ಟಿದ್ದೀರಿ. ಪ್ರತಿ ಸಲ ಮುಚ್ಚುವಾಗಲೂ ಅದು ಚಾವಣಿ ಮತ್ತು ಬಾಡಿಯ ನಡುವೆ ಸಿಕ್ಕಿಕೊಳ್ಳುತ್ತದೆ. ಹತ್ತು ದಿನದಲ್ಲಿ ಮೇಲಿನ ಪ್ಲಾಸ್ಟಿಕ್ ಚಪ್ಪಟೆಯಾಗಿ ಒಂದು ಕಡೆ ತಾಮ್ರ ಕಾಣಿಸುತ್ತಿದೆ. ಇದೇ ವೈರಿಗೆ ಬ್ಯಾಟರಿಯ ಹತ್ತಿರ ಫ್ಯೂಸ್ ಇಲ್ಲ. ಎ.ಸಿ.ಯ ಬುಡದಲ್ಲಿ ಒಂದು ಇದೆ, ಆದರೆ ವೈರು ಜಜ್ಜಿಹೋಗುವ ಜಾಗ ಅದಕ್ಕಿಂತ ಮೊದಲೇ ಬರುತ್ತದೆ. ಬರಿ ತಾಮ್ರ ಬಾಡಿಗೆ ತಾಗಿದರೆ ಲಿಥಿಯಂ ಬ್ಯಾಟರಿ ಸಾವಿರಾರು ಆಂಪಿಯರ್ ಸುರಿಯಬಲ್ಲದು. ಪಕ್ಕದಲ್ಲೇ ಇರುವುದು ಬಟ್ಟೆ ಮತ್ತು ಫೋಮು. ಇದನ್ನು ನೋಡಿದ ದಿನವೇ ವೈರನ್ನು ಬ್ಯಾಟರಿಯಿಂದ ಬಿಚ್ಚಿಟ್ಟಿದ್ದೇನೆ. ಹಾಗಾಗಿ ಈಗ ನನ್ನ ಚಾವಣಿಯ ಮೇಲೆ ಇರುವುದು ಸುಮ್ನೆ 32 ಕಿಲೋ ಭಾರ.

ಸಣ್ಣದು ಎನ್ನಬಹುದಾದ ಇನ್ನೊಂದು ತಪ್ಪು. ಒಳಗಿನ ಡಬ್ಬಿಯಲ್ಲಿ ತಣ್ಣನೆ ಗಾಳಿ ಹೊರಡುವ ಭಾಗಕ್ಕೂ ಬಿಸಿ ಗಾಳಿ ಎಳೆದುಕೊಳ್ಳುವ ಭಾಗಕ್ಕೂ ನಡುವೆ ಸಂದು ಬಿಟ್ಟಿದ್ದೀರಿ. ತಣ್ಣನೆ ಗಾಳಿ ವ್ಯಾನಿಗೆ ಇಳಿಯದೆ ಅಲ್ಲೇ ಸುತ್ತಿ ವಾಪಸ್ ಒಳಗೆ ಹೋಗುತ್ತಿತ್ತು. ಎ.ಸಿ.ಯ ಪರದೆಯಲ್ಲಿ 23 ಡಿಗ್ರಿ, ನನ್ನ ಥರ್ಮಾಮೀಟರಿನಲ್ಲಿ 31. ತಂಪಾಯಿತು ಎಂದುಕೊಂಡು ಕಂಪ್ರೆಸರ್ ನಿಂತುಬಿಡುತ್ತಿತ್ತು. ವೈರು ಬಿಚ್ಚುವ ಮೊದಲು ನಾನೇ ಫಾಯಿಲ್ ಟೇಪ್ ಅಂಟಿಸಿ ನೋಡಿದೆ. ಒಳಗೆ ಎಳೆಯುವ ಗಾಳಿಗೂ ಹೊರಗೆ ಬಿಡುವ ಗಾಳಿಗೂ 11 ಡಿಗ್ರಿ ವ್ಯತ್ಯಾಸ ಬಂತು. ಅಷ್ಟೇ ಬರಬೇಕಾದದ್ದು. ಅರ್ಧ ಗಂಟೆಯ ಕೆಲಸ. ವ್ಯಾನ್ ಕೊಡುವ ಮೊದಲು ಒಂದು ಸಲ ಅಳೆದಿದ್ದರೆ ನಿಮ್ಮವರಿಗೇ ಸಿಗುತ್ತಿತ್ತು.

ನನ್ನ ಕಡೆಯ ಮಾತನ್ನೂ ಹೇಳಬೇಕು. ಕ್ಯಾನ್ವಾಸ್ ಗೋಡೆಯ ಒಳಗೆ ತಂಪು ನಿಲ್ಲುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಒಳಗೆ ಮಂಜುಗಡ್ಡೆಯಂತಿರಲಿ ಎಂದು ನಾನು ಕೇಳಿಲ್ಲ. ಬ್ಯಾಟರಿಯೂ ರಾತ್ರಿಯಿಡೀ ಬರುವುದಿಲ್ಲ. ನನ್ನದು 200 ಆಂಪಿಯರ್-ಅವರ್‌ನದು, ಪೂರ್ತಿ ಜೋರಿನಲ್ಲಿ ಓಡಿಸಿದರೆ ಮೂರೂವರೆ ಗಂಟೆ. ರಾತ್ರಿಯಿಡೀ ಬರುತ್ತದೆ ಎಂದವರು ನಿಮ್ಮ ಸೇಲ್ಸ್‌ನವರು, ಅದನ್ನು ನಾನು ನಂಬಿರಲಿಲ್ಲ. ಹಾಗಾಗಿ ಆ ದೂರನ್ನು ಇಲ್ಲಿ ಸೇರಿಸುತ್ತಿಲ್ಲ.

ನನಗೆ ಬೇಕಾದದ್ದು ಇಷ್ಟು. ಎ.ಸಿ.ಯನ್ನು ನೀವೇ ಇಳಿಸಿ ವಾಪಸ್ ತೆಗೆದುಕೊಳ್ಳಿ. ಅದರ ಹಣ, ಕೂಲಿ, ಸ್ಟ್ರಟ್‌ನ ಹಣ ಪೂರ್ತಿ ಹಿಂದಿರುಗಿಸಿ. ನನ್ನ ಹಳೆಯ ಕಿಂಡಿಯನ್ನು ಅದರ ಜಾಗಕ್ಕೇ ಕೂರಿಸಿ, ಸಿಲಿಕಾನ್ ಪೂರ್ತಿ ಕೆರೆದು ತೆಗೆದು, ನೀರು ಹುಯ್ದು ನನ್ನ ಎದುರಿಗೇ ಪರೀಕ್ಷಿಸಿ. ಕೀಲಿನ ಬಿರುಕನ್ನು ಫೈಬರ್ ಕೆಲಸ ಬಲ್ಲವರಿಂದ ಸರಿಮಾಡಿಸಿ. ಹಳೆಯ ಸ್ಟ್ರಟ್‌ಗಳನ್ನು ಎಸೆದಿದ್ದರೆ, ವ್ಯಾನ್ ತಯಾರಿಸಿದವರು ಹೇಳಿದ ನ್ಯೂಟನ್ನಿನ ಹೊಸದನ್ನೇ ಹಾಕಿ, ದಪ್ಪ ನೋಡಿ ಅಲ್ಲ. ಜಜ್ಜಿದ ವೈರನ್ನು ತೆಗೆಯಿರಿ. ಹಾಸಿಗೆ ಹೊಸದು ಬೇಕು. ಕತ್ತರಿಸಿದ ಜಾಗಕ್ಕೆ ತುಂಡು ಅಂಟಿಸಿದ್ದು ನಡೆಯುವುದಿಲ್ಲ.

ಇದಕ್ಕೆ ಬದಲಾಗಿ ಸೀಟಿನ ಕೆಳಗೆ ಕೂರುವ ಎ.ಸಿ. ಹಾಕಿಕೊಡುತ್ತೇವೆ ಎಂದರೆ ಮಾತಾಡೋಣ. ತೂಕ ಕೆಳಗೇ ಉಳಿಯುತ್ತದೆ, ಚಾವಣಿಯ ಗೊಡವೆ ಇಲ್ಲ. ನೆಲದಲ್ಲಿ ತೂತು ಕೊರೆಯಬೇಕಾಗುತ್ತದೆ, ಅದು ನನಗೆ ಒಪ್ಪಿಗೆ. ಆದರೆ ಎಲ್ಲಿ ಕೊರೆಯುತ್ತೀರಿ, ಯಾವ ದಪ್ಪದ ವೈರು, ಎಷ್ಟು ಆಂಪಿಯರ್ ಫ್ಯೂಸ್ ಮತ್ತು ಅದು ಎಲ್ಲಿ, ಇಷ್ಟನ್ನು ಮೊದಲು ಬರೆದು ಕೊಡಬೇಕು. ಬರೆದದ್ದನ್ನು ನೋಡಿ ನಾನು ಹೂಂ ಎಂದ ಮೇಲೆಯೇ ಡ್ರಿಲ್ ಹಿಡಿಯಬೇಕು.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ ಇದೇ ಕಾಗದ, ಇದೇ ಫೋಟೋಗಳನ್ನು ಹಿಡಿದು ಗ್ರಾಹಕರ ದೂರು ಕೇಳುವ ಕಡೆಗೆ ಹೋಗುತ್ತೇನೆ. ಅಲ್ಲಿಯವರೆಗೆ ವ್ಯಾನಿನ ಚಾವಣಿಯನ್ನು ನಾನು ಎತ್ತುವುದಿಲ್ಲ. ನಿಮ್ಮಲ್ಲಿಗೆ ತಂದಾಗ ನಿಮ್ಮ ಹುಡುಗರೂ ಇಬ್ಬರು ಹಿಡಿದುಕೊಂಡೇ ಎತ್ತಲಿ, ಒಬ್ಬರೇ ಅದರ ಕೆಳಗೆ ತಲೆ ಹಾಕುವುದು ಬೇಡ. ಕೋಲು ವ್ಯಾನಿನಲ್ಲೇ ಇರುತ್ತದೆ, ಇಳಿಸಿಕೊಳ್ಳಿ.

ಇಂತಿ,
ನಿಮ್ಮಲ್ಲಿ ಎ.ಸಿ. ಹಾಕಿಸಿದ ಗ್ರಾಹಕ

ಜೊತೆಗಿರುವುದು: ಬಿಲ್ಲಿನ ಪ್ರತಿ, ಆರು ಫೋಟೋಗಳು, 'ಆಗುತ್ತೆ ಸಾರ್' ಎಂದು ನೀವು ಕಳಿಸಿದ ಉತ್ತರದ ಪ್ರತಿ