ಅಜ್ಜಿಯ ಸೋಬಾನೆ ಕ್ಯಾಸೆಟ್ಟು ಗುಜರಿಗೆ ಹಾಕಬೇಡಿ

ಐಂಡ್‌ಹೋವನ್, ನೆದರ್ಲೆಂಡ್ಸ್

ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ದಸರಾಕ್ಕೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುತ್ತೀರಂತೆ, ಅಟ್ಟ ಖಾಲಿ ಮಾಡಿ ಹಳೇ ಸಾಮಾನೆಲ್ಲ ಗುಜರಿಯವನಿಗೆ ಕೊಡುತ್ತೀರಂತೆ. ಅಮ್ಮ ಹೇಳಿದರು. ಬೇರೆ ಏನು ಬೇಕಾದರೂ ಕೊಡಿ. ರೇಡಿಯೋ ಮತ್ತು ಕ್ಯಾಸೆಟ್ಟಿನ ಡಬ್ಬ ಮಾತ್ರ ಬೇಡ. ಫೋನಲ್ಲಿ ಮಾತು ಎಲ್ಲೆಲ್ಲೋ ಹೋಗಿಬಿಡುತ್ತೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆ ರೇಡಿಯೋ ಗುಂಡಿ ತಿರುಗಿಸಿದ ತಕ್ಷಣ ಮಾತಾಡುತ್ತಿರಲಿಲ್ಲ, ನೆನಪಿದೆ ಅಲ್ವಾ? ಒಳಗಿನ ವಾಲ್ವು ಬಿಸಿಯಾಗಬೇಕಿತ್ತು. ಮೊದಲು ಗಾಜಿನ ಹಿಂದೆ ಹಳದಿ ದೀಪ, ಆಮೇಲೆ ಗುಂಯ್ ಅನ್ನುವ ಸದ್ದು, ಆಮೇಲೆ ವಾರ್ತೆ. ಯಾದವಗಿರಿ ಕಡೆ ಹೋದಾಗಲೆಲ್ಲ ನೀವು ತಪ್ಪದೆ ಹೇಳುತ್ತಿದ್ದಿರಿ: ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು, ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆ ಹೋಗಿದ್ದೇ ನಮ್ಮ ಮೈಸೂರಿಂದ ಅಂತ. ಪೋಸ್ಟಾಫೀಸಲ್ಲಿ ದುಡ್ಡು ಕಟ್ಟಿಸಿಕೊಂಡು ಕೊಡುತ್ತಿದ್ದ ರೇಡಿಯೋ ಲೈಸೆನ್ಸ್ ಪುಸ್ತಕ ಇನ್ನೂ ಇದ್ದರೆ ಅದನ್ನೂ ಎತ್ತಿಡಿ.

ಆದರೆ ನನಗೆ ನಿಜವಾಗಿ ಬೇಕಾಗಿರೋದು ಕ್ಯಾಸೆಟ್ಟು. ನಾನಿರುವ ಈ ಊರು ಫಿಲಿಪ್ಸ್ ಕಂಪನಿ ಹುಟ್ಟಿದ ಊರು, 1891ರಲ್ಲಿ. ಕ್ಯಾಸೆಟ್ಟನ್ನು 1963ರಲ್ಲಿ ಜನರ ಮುಂದೆ ತಂದವರೂ ಇವರೇ. ಅದನ್ನು ಮಾಡಿದ ತಂಡದ ಮುಖ್ಯಸ್ಥರು ಲೂ ಒಟ್ಟೆನ್ಸ್. ಕ್ಯಾಸೆಟ್ಟು ಎಷ್ಟು ದೊಡ್ಡದಿರಬೇಕು ಅಂತ ತೀರ್ಮಾನಿಸೋಕೆ ಅವರು ಕೋಟಿನ ಜೇಬಿಗೆ ಹಿಡಿಸುವ ಒಂದು ಮರದ ತುಂಡು ಮಾಡಿಕೊಂಡಿದ್ದರಂತೆ. ಇದನ್ನು ಓದಿದಾಗ ನನಗೆ ನಿಮ್ಮ ಶರ್ಟಿನ ಜೇಬು ನೆನಪಾಯಿತು. ಅತ್ತೆ ಮದುವೆಗೆ ಮಂಡ್ಯ ಬಸ್ಸು ಹತ್ತಿದಾಗ ಅದರಲ್ಲಿ ಹೊಸ ಕ್ಯಾಸೆಟ್ಟು ಇತ್ತು. ಅರವತ್ತು ನಿಮಿಷದ್ದು. ತೊಂಬತ್ತರದ್ದು ಟೇಪು ತೆಳ್ಳಗಿರುತ್ತೆ, ಬೇಗ ಸಿಕ್ಕಾಗುತ್ತೆ ಅಂತ ನೀವು ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಚಪ್ಪರದ ದಿನ ಅಜ್ಜಿ ಮತ್ತು ಊರಿನ ಹೆಂಗಸರು ಕೂತು ಸೋಬಾನೆ ಹೇಳಿದರು. ನೀವು ಎರಡು ಗುಂಡಿ ಒಟ್ಟಿಗೆ ಒತ್ತಿದಿರಿ. ನಾನು ಟೇಪ್ ರೆಕಾರ್ಡರ್ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಆ ಪುಟ್ಟ ಕಿಟಕಿಯಲ್ಲಿ ಚಕ್ರ ತಿರುಗೋದನ್ನೇ ನೋಡುತ್ತಿದ್ದೆ. ಹಾಡಿನ ಮಧ್ಯೆ ಯಾರೋ ಎಲೆ ಅಡಿಕೆ ತಟ್ಟೆ ಕೇಳುತ್ತಾರೆ, ಒಂದು ಮಗು ಅಳುತ್ತೆ. ಅಜ್ಜಿ ಹಾಡು ನಿಲ್ಲಿಸಿ "ತಿರುಗ್ತಾ ಅದೇನ್ಲಾ ಮಗ?" ಅಂತ ನಿಮ್ಮನ್ನು ಕೇಳಿ ಮತ್ತೆ ಅದೇ ಸಾಲಿಂದ ಎತ್ತಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಯಾರೂ ಅದರ ಮೇಲೆ ಬೇರೆ ತುಂಬಿಸದಿರಲಿ ಅಂತ ನೀವು ಮೇಲಂಚಿನ ಎರಡು ಪ್ಲಾಸ್ಟಿಕ್ ಚಕ್ಕೆ ಮುರಿದು ಹಾಕಿದಿರಿ. ಅಜ್ಜಿಯ ದನಿ ನಮ್ಮ ಹತ್ತಿರ ಬೇರೆಲ್ಲೂ ಇಲ್ಲ ಅಪ್ಪ. ಫೋಟೋ ಇದೆ, ದನಿ ಇಲ್ಲ.

ಅದನ್ನು ನಮ್ಮ ಹಳೇ ಟೇಪ್ ರೆಕಾರ್ಡರಿಗೆ ಹಾಕಿ ನೋಡಬೇಡಿ. ಇಷ್ಟು ವರ್ಷ ಸುಮ್ನೆ ಬಿದ್ದಿದ್ದರೆ ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿರುತ್ತೆ, ಟೇಪನ್ನು ನುಂಗಿಬಿಡಬಹುದು. ಟೇಪಿನ ಮೇಲಿರೋದು ಕಬ್ಬಿಣದ ಆಕ್ಸೈಡಿನ ತೆಳು ಲೇಪ, ಅಷ್ಟೇ. ಹಾಡು ಇರೋದು ಅದರಲ್ಲೇ. ಬೂಷ್ಟು ಬಂದಿದ್ದರೆ ಒರೆಸೋಕೆ ಹೋಗಬೇಡಿ. ಹಳೇ ಸ್ಪೀಕರ್ ಪಕ್ಕದಲ್ಲೂ ಇಡಬೇಡಿ, ಅದರಲ್ಲಿ ಅಯಸ್ಕಾಂತ ಇರುತ್ತೆ. ಒಣಗಿದ ಡಬ್ಬದಲ್ಲಿ ಹಾಕಿ ಬೀರುವಿನಲ್ಲಿಡಿ, ಸಾಕು. ಡಿಸೆಂಬರಿನಲ್ಲಿ ನಾನು ಬಂದಾಗ ಒಳ್ಳೇ ಪ್ಲೇಯರ್ ತರುತ್ತೇನೆ. ಅದರಿಂದ ಕಂಪ್ಯೂಟರಿಗೆ ವೈರ್ ಹಾಕಿ ಎರಡೂ ಬದಿ ಇಳಿಸಿಕೊಳ್ಳೋಣ. ಅತ್ತೆಗೂ ಒಂದು ಪ್ರತಿ ಕೊಡೋಣ.

ಅಮ್ಮನಿಗೆ ಒಂದು ಕೆಲಸ ಇದೆ ಅಂತ ಹೇಳಿ. ಅಜ್ಜಿ ಜೊತೆ ದನಿ ಸೇರಿಸಿದವರು ಯಾರ್ಯಾರು ಅಂತ ಗೊತ್ತಿರೋದು ಅವರಿಗೆ ಮಾತ್ರ. ನೆನಪಾದ ಹೆಸರೆಲ್ಲ ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಆಮೇಲೆ ಇಬ್ಬರೂ ಕೂತು ಕೇಳುತ್ತಾ ಯಾವ ದನಿ ಯಾರದ್ದು ಅಂತ ಗುರುತು ಹಾಕುತ್ತೇವೆ.

ಅಟ್ಟ ನೀವೇ ಹತ್ತಬೇಡಿ, ಪೇಂಟಿನ ಹುಡುಗರ ಕೈಲಿ ಇಳಿಸಿ.

ಇಂತಿ ನಿಮ್ಮ ಮಗ